ಚಿಪ್ಪಿನ ತುದಿಯಲ್ಲಿ ಏನಿದೆ?

ಎಲ್ಲರಿಗೂ ನಮಸ್ಕಾರ.

ಆಳಸಮುದ್ರದಲ್ಲಿ ಹೊಸ ಬಸವನಹುಳು ಸಿಕ್ಕಿತು ಅಂತ ಸುದ್ದಿ ಬಂದರೆ, ಹಡಗು, ರೋಬೋಟ್, ಕತ್ತಲು ಇವುಗಳ ಬಗ್ಗೆಯೇ ಮಾತು ಜಾಸ್ತಿ. ನಾನು ಇವತ್ತು ಹೇಳಹೊರಟಿರುವುದು ಅದರ ನಂತರದ ಕೆಲಸ. ಸಿಕ್ಕ ಜೀವಿ ಹೇಗಿದೆ ಅಂತ ಬರೆದು, ಅದಕ್ಕೊಂದು ಹೆಸರು ಕೊಡುವ ಕೆಲಸ. ಇದು ನಿಧಾನ. ಜೀವಿಯನ್ನು ಹಿಡಿದ ದಿನದಿಂದ ಅದರ ವಿವರಣೆ ಅಚ್ಚಾಗುವವರೆಗೆ ಸರಾಸರಿ 21 ವರ್ಷ ಬೇಕಾಗುತ್ತದೆ ಅಂತ 2012ರ ಒಂದು ಅಧ್ಯಯನ ತೋರಿಸಿತು. ಅಷ್ಟು ವರ್ಷ ಅದು ಮ್ಯೂಸಿಯಂ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ.

ತಳದ ಕೆಸರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದಾಗ ಸಾಸಿವೆ ಕಾಳಿನಷ್ಟು ಚಿಪ್ಪುಗಳು ಉಳಿಯುತ್ತವೆ. ಚಿಮಟದಲ್ಲಿ ಹಿಡಿದರೆ ಪುಡಿಯಾಗಬಹುದು. ಒದ್ದೆ ಬ್ರಷ್ಷಿನ ತುದಿಗೆ ಅಂಟಿಸಿಕೊಂಡು ಎತ್ತಬೇಕು. ಅವುಗಳಲ್ಲಿ ಬಹಳಷ್ಟು ಖಾಲಿ. ಖಾಲಿ ಚಿಪ್ಪನ್ನು ನಂಬುವುದು ಕಷ್ಟ, ಯಾಕೆಂದರೆ ಮೇಲಿನ ನೀರಿನಲ್ಲಿ ಸತ್ತದ್ದೂ ಕೆಳಗೆ ಬಂದು ಬಿದ್ದಿರುತ್ತದೆ. ಒಳಗೆ ಜೀವಿ ಇರುವ ಒಂದು ಚಿಪ್ಪು ಸಿಕ್ಕರೂ ದೊಡ್ಡ ಸಂಗತಿ. ಅದನ್ನು ತಕ್ಷಣ ಆಲ್ಕೋಹಾಲ್‌ಗೆ ಹಾಕಬೇಕು. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಹಾಳಾಗುತ್ತದೆ. ಆ ಫಾರ್ಮಲಿನ್ ಹುಳಿ ತಿರುಗಿದರೆ ಚಿಪ್ಪೇ ಕರಗುತ್ತದೆ.

ಆಮೇಲೆ ಅಳತೆ. ಎತ್ತರ, ಅಗಲ, ಎಷ್ಟು ಸುತ್ತು, ಮೇಲ್ಮೈಯಲ್ಲಿ ಗೆರೆಗಳಿವೆಯೇ, ಬಾಯಿಯ ಆಕಾರ, ಮುಚ್ಚಳ. ನಾಲಿಗೆಯಂಥ ರಾಡ್ಯುಲಾ ಎಂಬ ಪಟ್ಟಿಯಲ್ಲಿ ಸಾಲುಸಾಲು ಹಲ್ಲುಗಳಿರುತ್ತವೆ. ಅದನ್ನು ಬೇರ್ಪಡಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಹೊರಗೆ ಒಂದೇ ತರಹ ಕಾಣುವ ಎರಡು ಹುಳುಗಳು ಎಷ್ಟೋ ಸಲ ಇಲ್ಲಿ ಬೇರೆಯಾಗುತ್ತವೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಚಿಪ್ಪಿನ ತುದಿ. ಬಸವನಹುಳು ತನ್ನ ಹಳೆಯ ಚಿಪ್ಪನ್ನು ಕಳಚುವುದಿಲ್ಲ, ಅದರ ಬಾಯಿಯ ಅಂಚಿಗೆ ಹೊಸದನ್ನು ಸೇರಿಸುತ್ತಾ ಬೆಳೆಯುತ್ತದೆ. ಹಾಗಾಗಿ ದೊಡ್ಡದಾದ ಮೇಲೂ ಲಾರ್ವಾ, ಅಂದರೆ ತೀರಾ ಎಳೆಯ ಮರಿ, ಆಗಿದ್ದಾಗಿನ ಚಿಪ್ಪು ತುದಿಯಲ್ಲೇ ಇರುತ್ತದೆ. ಅದನ್ನು ಮೈಕ್ರೋಮೀಟರ್ ಲೆಕ್ಕದಲ್ಲಿ ಅಳೆಯಬೇಕು. ಅದು ಮುಗಿದು ದೊಡ್ಡವರ ಚಿಪ್ಪು ಶುರುವಾಗುವ ಕಡೆ ಒಂದು ಗೆರೆ ಕಾಣುತ್ತದೆ. ಮೊಟ್ಟಮೊದಲ ಭಾಗ ತುಂಬ ಚಿಕ್ಕದಿದ್ದು, ಆ ಗೆರೆಗಿಂತ ಮುಂಚೆ ಹಲವು ಸುತ್ತುಗಳಿದ್ದರೆ, ಲಾರ್ವಾ ನೀರಿನಲ್ಲಿ ತೇಲುತ್ತಾ ತಿಂದು ಬೆಳೆದಿದೆ ಅಂತ ಅರ್ಥ. ಮೊದಲ ಭಾಗವೇ ದೊಡ್ಡದಿದ್ದು, ಒಂದೇ ಸುತ್ತಿಗೆ ಗೆರೆ ಬಂದರೆ, ಅದು ಮೊಟ್ಟೆಯಲ್ಲಿದ್ದ ಬುತ್ತಿಯಲ್ಲೇ ಬದುಕಿತ್ತು. ಆಗ ಹೆಚ್ಚು ದೂರ ಹೋಗಲಿಲ್ಲ ಅಂತ ಥಟ್ಟನೆ ಹೇಳಬಾರದು. ತಣ್ಣೀರಿನಲ್ಲಿ ಬುತ್ತಿ ನಿಧಾನವಾಗಿ ಖರ್ಚಾಗುತ್ತದೆ, ಹಾಗಾಗಿ ಅದು ಬಹಳ ದಿನ ತೇಲಿರಬಹುದು.

ಒಂದು ಜೀವಿಯ ಬಾಲ್ಯ ಅದರ ಮೈಮೇಲೆ ಇಷ್ಟು ಸ್ಪಷ್ಟವಾಗಿ ಉಳಿದಿರುವಾಗ, ಆ ತುದಿಯ ಚಿತ್ರ ಇಲ್ಲದ ವಿವರಣೆಯನ್ನು ಪೂರ್ತಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂದು ತೊಂದರೆ ಇದೆ. ಸಮುದ್ರತಳದ ಬಿಸಿನೀರಿನ ಬುಗ್ಗೆಗಳ ಹತ್ತಿರ ನೀರಿನ ಆಮ್ಲಕ್ಕೆ ಎಷ್ಟೋ ಸಲ ತುದಿ ಸವೆದುಹೋಗಿರುತ್ತದೆ. ಅದಕ್ಕೇ ದೊಡ್ಡ, ಚೆಂದದ ಚಿಪ್ಪುಗಳನ್ನು ಮಾತ್ರ ಆರಿಸದೆ ಮರಿಗಳನ್ನೂ ಹುಡುಕಿ ಇಟ್ಟುಕೊಳ್ಳಬೇಕು.

ಈ ಬುಗ್ಗೆಗಳು ಎಷ್ಟೋ ಕಡೆ ಒಂದಕ್ಕೊಂದು ಬಹಳ ದೂರದಲ್ಲಿರುತ್ತವೆ. ಒಂದು ಕಡೆ ಹುಳುಗಳೆಲ್ಲ ಸತ್ತರೆ ಇನ್ನೊಂದು ಕಡೆಯಿಂದ ಲಾರ್ವಾಗಳು ಬಂದು ನೆಲೆಸುತ್ತವೆಯೇ? ಚಿಪ್ಪಿನ ತುದಿ ಇದಕ್ಕೊಂದು ಸುಳಿವು ಕೊಡುತ್ತದೆ. ಈ ಪ್ರಶ್ನೆ ಈಗ ಅವಸರದ್ದು, ಅಲ್ವಾ? ಆಳಸಮುದ್ರದ ಗಣಿಗಾರಿಕೆ ಮಾಡಹೊರಟವರು ಕಣ್ಣಿಟ್ಟಿರುವ ಲೋಹದ ಅದಿರುಗಳಲ್ಲಿ ಒಂದು ಬಗೆ ಇರುವುದು ಇಂಥ ಬುಗ್ಗೆಗಳ ಬಳಿ.

ಕಾಲಿನ ಮೇಲೆ ಕಬ್ಬಿಣದ ಸಲ್ಫೈಡ್ ಲೇಪಿಸಿದ ಹುರುಪೆಗಳಿರುವ ಬಸವನಹುಳುವಿನ ಬಗ್ಗೆ ನೀವು ಕೇಳಿರಬಹುದು. ಅದು ಸಾಸಿವೆಯಷ್ಟು ಚಿಕ್ಕದಲ್ಲ, ಕೆಲವು ಸೆಂಟಿಮೀಟರ್ ಇದೆ. ಹಿಂದೂ ಮಹಾಸಾಗರದ ಕೈರೇ ಬುಗ್ಗೆಗಳಲ್ಲಿ 2001ರಲ್ಲಿ ಸಿಕ್ಕಿತು. ಜಗತ್ತಿನಾದ್ಯಂತ ಹೆಸರು ಮಾಡಿತು. ಆದರೆ ಕ್ರೈಸೊಮ್ಯಾಲನ್ ಸ್ಕ್ವಾಮಿಫೆರಮ್ ಅಂತ ಅದರ ಪೂರ್ತಿ ವಿವರಣೆ ಅಚ್ಚಾದದ್ದು 2015ರಲ್ಲಿ. ಆಗ ಅದು ಇದ್ದದ್ದು ಮೂರೇ ಕಡೆ ಅಂತ ಗೊತ್ತಿತ್ತು. ನಾಲ್ಕು ವರ್ಷದ ನಂತರ, 2019ರಲ್ಲಿ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್ ಅದನ್ನು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಆಳಸಮುದ್ರ ಗಣಿಗಾರಿಕೆಯ ಅಪಾಯದ ಕಾರಣಕ್ಕೆ ಆ ಪಟ್ಟಿಗೆ ಸೇರಿದ ಮೊದಲ ಜೀವಿ ಅದು.

ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಬರುವವರಿದ್ದರೆ, ಮ್ಯೂಸಿಯಂಗಳಲ್ಲಿ ಹೆಸರಿಲ್ಲದೆ ಕೂತಿರುವ ಸೀಸೆಗಳು ಬೇಕಾದಷ್ಟಿವೆ. ಅಲ್ಲಿಂದ ಶುರು ಮಾಡಿ. ಈಗ ಪ್ರಶ್ನೆಗಳನ್ನು ಕೇಳಬಹುದು.