ಟೊಮೆಟೊ ಬುಟ್ಟಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಫ್ಲಾರಿಡಾ ರಾಜ್ಯದ ನೈಋತ್ಯಕ್ಕೆ ಇಮ್ಮೊಕಲೀ ಎಂಬ ಊರಿದೆ. ಆ ದೇಶದಲ್ಲಿ ಚಳಿಗಾಲಕ್ಕೆ ಬೆಳೆಯುವ ಟೊಮೆಟೊದಲ್ಲಿ ಬಹುಪಾಲು ಫ್ಲಾರಿಡಾದ್ದು. ಕೀಳುವವರು ಮೆಕ್ಸಿಕೊ, ಗ್ವಾಟೆಮಾಲ, ಹೈಟಿಯಿಂದ ವಲಸೆ ಬಂದ ಕೂಲಿಗಳು. ಹಲವರ ಬಳಿ ಅಲ್ಲಿ ನೆಲೆಸಲು ಬೇಕಾದ ಕಾಗದಪತ್ರಗಳಿಲ್ಲ.

ಇಲ್ಲಿ ಕೂಲಿ ಬುಟ್ಟಿ ಲೆಕ್ಕದಲ್ಲಿ. ಒಂದು ಬುಟ್ಟಿಗೆ 32 ಪೌಂಡ್ ಕಾಯಿ, ಅಂದರೆ ಹದಿನಾಲ್ಕೂವರೆ ಕಿಲೋ. ನಮ್ಮ ಕೋಲಾರದ ಮಂಡಿಯಲ್ಲಿ ಹರಾಜಾಗುವ 15 ಕಿಲೋ ಬಾಕ್ಸಿಗೆ ಹೆಚ್ಚುಕಮ್ಮಿ ಸಮ. ಹಸಿರುಗಾಯಿ ತುಂಬಿದ ಬುಟ್ಟಿಯನ್ನು ಹೆಗಲಿಗೇರಿಸಿ, ಸಾಲಿನುದ್ದಕ್ಕೂ ಓಡಿ, ಲಾರಿಯ ಮೇಲೆ ನಿಂತವನ ಕೈಗೆ ಎತ್ತಿ ಎಸೆಯಬೇಕು. ಅವನು ಸುರಿದುಕೊಂಡು ಖಾಲಿ ಬುಟ್ಟಿಯ ಜೊತೆ ಲೆಕ್ಕದ ಬಿಲ್ಲೆ ಕೊಡುತ್ತಾನೆ. ಇಪ್ಪತ್ತು ವರ್ಷದ ಹಿಂದೆ ಒಂದು ಬಿಲ್ಲೆಗೆ ಸುಮಾರು 45 ಸೆಂಟ್ ಸಿಗುತ್ತಿತ್ತು. 125 ಬುಟ್ಟಿ, ಅಂದರೆ 1,800 ಕಿಲೋ ಕಿತ್ತರೆ 56 ಡಾಲರ್.

ಆ ಲೆಕ್ಕದಲ್ಲೂ ಎರಡು ಕಡೆ ಸೋರಿಕೆಯಿತ್ತು. ಮೊದಲನೆಯದು ಬುಟ್ಟಿಯ ಬಾಯಲ್ಲಿ. ಬಾಯಿಮಟ್ಟ ತುಂಬಿದರೆ 32 ಪೌಂಡ್. ಮೇಸ್ತ್ರಿ ಮಾತ್ರ ಮೇಲೆ ಗುಡ್ಡೆ ಏರಿಸಿದ್ದರೇ ಬಿಲ್ಲೆ ಕೊಡುತ್ತಿದ್ದ. ಗುಡ್ಡೆ ನಾಲ್ಕು ಪೌಂಡ್ ತೂಗಿದರೆ ಎಂಟು ಬುಟ್ಟಿಗೆ ಒಂದು ಬುಟ್ಟಿ ಪುಕ್ಕಟೆ ಹೋಯಿತು. ಎರಡನೆಯದು ಹೊತ್ತಿನಲ್ಲಿ. ಬಸ್ಸು ನಸುಕಿನಲ್ಲೇ ಹೊಲ ಮುಟ್ಟುತ್ತದೆ, ಆದರೆ ಇಬ್ಬನಿ ಆರುವ ತನಕ ಕಾಯಿಗೆ ಕೈ ಹಚ್ಚುವಂತಿಲ್ಲ. ಆ ಕಾಯುವ ಗಂಟೆಗಳನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಗಂಟೆ ಕಡಿಮೆ ತೋರಿಸಿದರೆ ಕಾಗದದ ಮೇಲೆ ಕನಿಷ್ಠ ಕೂಲಿ ಕೊಟ್ಟಂತೆಯೇ ಕಾಣುತ್ತದಲ್ಲ! ಸಂಘ ಕಟ್ಟಿಕೊಂಡು ಚೌಕಾಸಿ ಮಾಡುವ ಹಕ್ಕು ಕೊಟ್ಟ 1935ರ ಕಾಯ್ದೆ ಹೊಲದ ಕೂಲಿಗಳನ್ನು ಹೊರಗಿಟ್ಟಿತ್ತು. ಇಂದಿಗೂ ಇಟ್ಟಿದೆ.

1993ರಲ್ಲಿ ಇಲ್ಲಿನ ಕೂಲಿಗಳು ಒಂದಾಗಿ ಕೊಯಲಿಷನ್ ಆಫ್ ಇಮ್ಮೊಕಲೀ ವರ್ಕರ್ಸ್ ಎಂಬ ಸಂಘಟನೆ ಕಟ್ಟಿದರು. ಮುಷ್ಕರ ಹೂಡಿದರು, ಕೆಲವರು ಒಂದು ತಿಂಗಳು ಉಪವಾಸ ಕುಳಿತರು, ಪಾದಯಾತ್ರೆ ಮಾಡಿದರು. ಕೂಲಿ ಒಂದಿಷ್ಟು ಏರಿತಾದರೂ ಬೆಳೆಗಾರರು ಮಾತುಕತೆಗೆ ಬಗ್ಗಲಿಲ್ಲ. ದರ ಕಟ್ಟುವವರು ಬೆಳೆಗಾರರಲ್ಲ, ಸಾವಿರಾರು ಟನ್ ಒಟ್ಟಿಗೆ ಕೊಳ್ಳುವ ಹೋಟೆಲ್ ಸರಪಳಿಗಳು ಮತ್ತು ಸೂಪರ್ ಮಾರ್ಕೆಟ್ಟುಗಳು ಎಂಬುದನ್ನು ಆಗ ಕೂಲಿಗಳೇ ಕಂಡುಕೊಂಡರು. ನನ್ನ ದೃಷ್ಟಿಯಲ್ಲಿ ಈ ಚಳವಳಿಯ ಜೀವಾಳ ಇದೇ.

2001ರಲ್ಲಿ ಟ್ಯಾಕೊ ಬೆಲ್ ಎಂಬ ಹೋಟೆಲ್ ಸರಪಳಿಯ ಮೇಲೆ ಬಹಿಷ್ಕಾರ ಹೂಡಿದರು. ಬೇಡಿಕೆ ಸರಳವಾಗಿತ್ತು: ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಿ, ಹೊಲದ ನಿಯಮಗಳಿಗೆ ಸಹಿ ಹಾಕಿ. ದೂರದ ಊರುಗಳ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಆವರಣದಲ್ಲಿದ್ದ ಆ ಕಂಪನಿಯ ಅಂಗಡಿಗಳ ಕರಾರಿನ ಮೇಲೆ ಕಣ್ಣಿಟ್ಟರು. ಕರಾರು ಯಾವಾಗ ಮುಗಿಯುತ್ತದೆ, ನವೀಕರಿಸುವವರು ಯಾರು ಎಂದು ತಿಳಿದುಕೊಂಡು, ವಿದ್ಯಾರ್ಥಿ ಸಂಘದಲ್ಲಿ ನಿರ್ಣಯ ಮಾಡಿಸಿ, ಆಡಳಿತದ ಮುಂದಿಟ್ಟರು. ಚರ್ಚುಗಳೂ ಜೊತೆಗೂಡಿದವು. 2005ರ ಮಾರ್ಚಿನಲ್ಲಿ ಕಂಪನಿ ಒಪ್ಪಿತು. ಮೆಕ್‌ಡೊನಾಲ್ಡ್ಸ್ 2007ರಲ್ಲಿ, ಬರ್ಗರ್ ಕಿಂಗ್ 2008ರಲ್ಲಿ, ವಾಲ್‌ಮಾರ್ಟ್ 2014ರಲ್ಲಿ ಸಹಿ ಹಾಕಿದವು.

ಬಹಿಷ್ಕಾರ ಇದ್ದದ್ದು ಕಂಪನಿಯ ಮೇಲೆ, ಟೊಮೆಟೊದ ಮೇಲಲ್ಲ. ಮರುಕದಿಂದ ಟೊಮೆಟೊ ಕೊಳ್ಳುವುದನ್ನೇ ಬಿಟ್ಟರೆ ಮೊದಲು ಕೆಲಸ ಕಳೆದುಕೊಳ್ಳುವವರು ಕೀಳುವವರೇ. ಹೊರಗಿನ ಬೆಂಬಲಿಗರು ಕೂಲಿಗಳು ಕರೆ ಕೊಡುವ ಮೊದಲೇ ತಾವಾಗಿ ಬಹಿಷ್ಕಾರ ಸಾರಬಾರದು.

2010ರ ನವೆಂಬರಿನಲ್ಲಿ ಫ್ಲಾರಿಡಾದ ಬೆಳೆಗಾರರ ಒಕ್ಕೂಟವೂ ಕೈಜೋಡಿಸಿತು. ಅಲ್ಲಿಂದ ಬೆಳೆದದ್ದು ಫೇರ್ ಫುಡ್ ಪ್ರೋಗ್ರಾಂ, ಕೂಲಿಗಳು, ಬೆಳೆಗಾರರು, ಕೊಳ್ಳುವ ಕಂಪನಿಗಳ ನಡುವಿನ ಕರಾರಿನ ವ್ಯವಸ್ಥೆ. ಕೊಳ್ಳುವ ಕಂಪನಿಯ ಹೆಚ್ಚುವರಿ ಹಣ ಬೆಳೆಗಾರನ ಮೂಲಕ ಹಾದು ಕೂಲಿಯ ಸಂಬಳದ ಚೀಟಿಯಲ್ಲಿ ಬೋನಸ್ ಎಂದು ಪ್ರತ್ಯೇಕ ಸಾಲಾಗಿ ಕಾಣಬೇಕು. ಪೌಂಡಿಗೆ ಒಂದು ಸೆಂಟ್ ಎಂದರೆ ಬುಟ್ಟಿಗೆ 32 ಸೆಂಟ್ ಆಗಬೇಕಲ್ಲವೇ ಎಂದು ನೀವು ಕೇಳಬಹುದು. ಫಸಲೆಲ್ಲವೂ ಒಪ್ಪಂದದೊಳಗಿನ ಕಂಪನಿಗಳಿಗೇ ಹೋಗುವುದಿಲ್ಲ, ಹಾಗಾಗಿ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಬುಟ್ಟಿ ಈಗ ಬಾಯಿಮಟ್ಟ ಮಾತ್ರ. ಹೊಲ ಮುಟ್ಟಿದ ಕೂಡಲೇ ಹಾಜರಿ ಗಡಿಯಾರ ಓಡತೊಡಗುತ್ತದೆ. ನೆರಳು, ಕುಡಿಯುವ ನೀರು, ಶೌಚಾಲಯ ಇರಲೇಬೇಕು. ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷದ ವಿರಾಮ ಕಡ್ಡಾಯ. ಸ್ಥಳೀಯ ಸರ್ಕಾರಗಳು ಬಿಸಿಲಿನಿಂದ ರಕ್ಷಣೆ ಕೊಡುವ ಇಂಥ ನಿಯಮಗಳನ್ನು ತರದಂತೆ 2024ರಲ್ಲಿ ಫ್ಲಾರಿಡಾ ರಾಜ್ಯವೇ ಕಾಯ್ದೆ ಮಾಡಿದೆ. ಹಾಗಾಗಿ ಈ ಕರಾರೇ ಅಲ್ಲಿ ದೊಡ್ಡ ಆಸರೆ.

ತಪಾಸಣೆಯ ವಿಷಯಕ್ಕೆ ಬನ್ನಿ. ಮಾಮೂಲಿ ತಪಾಸಣೆಯಲ್ಲಿ ಮಾಲೀಕರ ಎದುರಲ್ಲೇ ನಾಲ್ಕಾರು ಜನರನ್ನು ಮಾತಾಡಿಸಿ ವರದಿ ಬರೆದುಬಿಡುತ್ತಾರೆ. ಕೆಲಸ ಹೋಗುವ, ಗಡೀಪಾರಾಗುವ ಭಯ ಇರುವವರು ಹಾಗೆ ಬಾಯಿ ಬಿಡುವುದಿಲ್ಲ. ಇಲ್ಲಿ ಕೆಲಸದಲ್ಲಿರುವವರ ಪೈಕಿ ಕನಿಷ್ಠ ಅರ್ಧದಷ್ಟು ಜನರನ್ನು ಮಾತಾಡಿಸುತ್ತಾರೆ. ದಿನದ 24 ಗಂಟೆಯೂ ದೂರವಾಣಿಯಲ್ಲಿ ದೂರು ಹೇಳಬಹುದು. ಎತ್ತಿಕೊಳ್ಳುವವರು ಆ ಹೊಲಗಳನ್ನು ಬಲ್ಲ ತನಿಖಾಧಿಕಾರಿಗಳೇ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಂಡರೆ ಅದೂ ಕರಾರಿನ ಉಲ್ಲಂಘನೆ. ಹಕ್ಕುಗಳ ಪಾಠವನ್ನು ಕೂಲಿಗಳೇ ಕೂಲಿಗಳಿಗೆ ಹೇಳಿಕೊಡುತ್ತಾರೆ, ಆ ಹೊತ್ತಿಗೂ ಸಂಬಳ ಉಂಟು. ಬೆಳೆಗಾರ ತಪ್ಪು ತಿದ್ದಿಕೊಳ್ಳದಿದ್ದರೆ ಅಮಾನತು, ಆಗ ಸಹಿ ಹಾಕಿದ ಕಂಪನಿಗಳು ಅವನಲ್ಲಿ ಕೊಳ್ಳುವಂತಿಲ್ಲ. ಜೀತ, ಬಾಲಕಾರ್ಮಿಕ ದುಡಿಮೆ, ಲೈಂಗಿಕ ದೌರ್ಜನ್ಯಕ್ಕಂತೂ ಕ್ಷಮೆಯೇ ಇಲ್ಲ.

ಬಾನುಲಿ ಕೇಳುವವರಿಗೆ ಇನ್ನೊಂದು ಸಂಗತಿ. ಈ ಸಂಘಟನೆಗೆ ತನ್ನದೇ ಪುಟ್ಟ ಎಫ್‌ಎಂ ಕೇಂದ್ರವಿದೆ, ಹೆಸರು ರೇಡಿಯೊ ಕಾನ್ಸಿಯೆನ್ಸಿಯಾ. ಸ್ಪ್ಯಾನಿಷ್ ಕೂಡ ಸರಿಯಾಗಿ ಬಾರದ, ಮೆಕ್ಸಿಕೊ, ಗ್ವಾಟೆಮಾಲದ ಮೂಲನಿವಾಸಿಗಳಾದ ಮಾಯಾ ಜನರಿಗೆ ಅವರ ಮಾತಿನಲ್ಲೇ ಕೂಲಿಯ ಹಕ್ಕು ತಿಳಿಸುವುದು ಸಾಧ್ಯವಾಗಿರುವುದು ಇದರಿಂದ.

ವೆಂಡೀಸ್ ಎಂಬ ಬರ್ಗರ್ ಕಂಪನಿ ಸಹಿ ಹಾಕದ ಕಾರಣ 2016ರಲ್ಲಿ ಕೂಲಿಗಳು ಅದರ ಮೇಲೂ ಬಹಿಷ್ಕಾರ ಸಾರಿದರು. ಅಮೆರಿಕದಲ್ಲಿರುವ ಕನ್ನಡಿಗರು ಮಾಡಬಹುದಾದ ಕೆಲಸ ಚಿಕ್ಕದು. ಸಹಿ ಹಾಕದ ಅಂಗಡಿಯ ಮ್ಯಾನೇಜರಿಗೆ ಒಂದು ಪುಟದ ಪತ್ರ ಕೊಡಿ. ನೀವು ಅಲ್ಲಿನ ಗ್ರಾಹಕರೆಂದು ಹೇಳಿ, ಫೇರ್ ಫುಡ್ ಪ್ರೋಗ್ರಾಂ ಸೇರಬೇಕೆಂದು ಕೇಳಿ, ಪತ್ರವನ್ನು ಮುಖ್ಯ ಕಚೇರಿಗೆ ಕಳಿಸುವಂತೆ ಬರೆಯಿರಿ. ಕೌಂಟರಿನಲ್ಲಿ ದುಡಿಯುವವರ ಮೇಲೆ ರೇಗಬೇಡಿ, ಕೊಳ್ಳುವ ತೀರ್ಮಾನ ಅವರದಲ್ಲ. ಪತ್ರದ ಒಂದು ಪ್ರತಿ ನಿಮ್ಮಲ್ಲಿರಲಿ, ತಿಂಗಳಾದರೂ ಉತ್ತರ ಬಾರದಿದ್ದರೆ ಅದೇ ಪ್ರತಿ ಹಿಡಿದು ಇನ್ನೂ ನಾಲ್ಕು ಜನರ ಜೊತೆ ಹೋಗಿ.

ನಮಸ್ಕಾರ.