ಮನೆಯಿಂದಲೇ ಶೈಕ್ಷಣಿಕ ಪ್ರವಾಸ: ಅಲಾಸ್ಕದ ಕರಡಿ, ಹಂಪಿಯ ಗೋಪುರ, ಬಾಹ್ಯಾಕಾಶಕ್ಕೆ ಹೋದ ಹೆಸರುಕಾಳು

[ದೃಶ್ಯ: ಬ್ರೂಕ್ಸ್ ಜಲಪಾತದ ಲೈವ್ ಕ್ಯಾಮೆರಾ. ನೀರಿನ ಸದ್ದು ಮಾತ್ರ. ಕೆಲವು ಕ್ಷಣ ಮಾತಿಲ್ಲ.]

ನಮಸ್ಕಾರ. ಇದು ಅಲಾಸ್ಕದ ಕಾಟ್ಮೈ ರಾಷ್ಟ್ರೀಯ ಉದ್ಯಾನ. ಜಲಪಾತದ ಹೆಸರು ಬ್ರೂಕ್ಸ್. ಎತ್ತರ ಸುಮಾರು ಆರು ಅಡಿ, ಅಷ್ಟೆ. ಆದರೆ ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ ಇಲ್ಲಿ ಕಂದು ಕರಡಿಗಳು ಸಾಲುಗಟ್ಟಿ ನಿಂತು, ಮೇಲಕ್ಕೆ ಚಿಮ್ಮುವ ಸಾಲ್ಮನ್ ಮೀನುಗಳನ್ನು ಬಾಯಿಂದಲೇ ಹಿಡಿಯುತ್ತವೆ. ಎಕ್ಸ್‌ಪ್ಲೋರ್ ಡಾಟ್ ಆರ್ಗ್ ಎಂಬ ತಾಣದಲ್ಲಿ ಇದನ್ನು ಯಾರು ಬೇಕಾದರೂ ನೇರವಾಗಿ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯಲ್ಲೇ ಓದುವ ಮಕ್ಕಳು ನಮ್ಮಲ್ಲಿ ಈಗ ಹಲವು ಬಗೆಯವರಿದ್ದಾರೆ. ಮುಕ್ತ ಶಾಲೆಯ ಪರೀಕ್ಷೆಗೆ ಕಟ್ಟುವವರು, ಕಾಯಿಲೆಯಿಂದಾಗಿ ಕೆಲ ಕಾಲ ಶಾಲೆ ಬಿಟ್ಟವರು, ಹೊರದೇಶದಲ್ಲಿದ್ದು ವಾರದ ಕೊನೆಗೆ ಅಪ್ಪ ಅಮ್ಮನ ಹತ್ತಿರ ಕನ್ನಡ ಕಲಿಯುವವರು. ಇವರಿಗೆಲ್ಲ ತಪ್ಪಿಹೋಗುವ ಒಂದು ಸಂಗತಿ ಶಾಲೆಯ ಪ್ರವಾಸ. ಬಸ್ಸು, ಬುತ್ತಿ, ಹಾಡು, ಜೊತೆಗೆ ಕಲಿಕೆ. ಬಸ್ಸು ಹಾಡುಗಳನ್ನು ಪರದೆ ಕೊಡಲಾರದು. ಕಲಿಕೆಯನ್ನು ಮಾತ್ರ ಕೊಡಬಲ್ಲದು, ಆದರೆ ಅದಕ್ಕೆ ಒಂದು ಷರತ್ತಿದೆ. ಪರದೆಯ ಮೇಲೆ ಕಂಡ ದೂರದ ವಸ್ತುವಿಗೆ ಮಗುವಿನ ಕೈಗೆಟಕುವ ಒಂದು ಜೋಡಿ ಇರಬೇಕು. ಆ ಜೋಡಿ ಇಲ್ಲದಿದ್ದರೆ ವರ್ಚುವಲ್ ಪ್ರವಾಸವೆಂದರೆ ಇನ್ನೊಂದು ವಿಡಿಯೋ, ಅಷ್ಟೆ. ಮೂರು ಜಾಗಗಳಿಗೆ ಹೋಗಿಬಂದು ಇದನ್ನೇ ತೋರಿಸುತ್ತೇನೆ.

[ದೃಶ್ಯ: ಗ್ಲೋಬ್ ತಿರುಗುತ್ತದೆ. ಬೆಂಗಳೂರಿನಿಂದ ಅಲಾಸ್ಕಕ್ಕೆ ಗೆರೆ.]

ಮೊದಲು ಕರಡಿಗಳ ಹತ್ತಿರ ಹೋಗೋಣ. ಹೊರಡುವ ಮುನ್ನ ಮಗುವಿನ ಕೈಗೆ ಗ್ಲೋಬ್ ಕೊಡಿ, ಇಲ್ಲದಿದ್ದರೆ ಅಟ್ಲಾಸ್ ಸಾಕು. ಬೇಸಿಗೆಯಲ್ಲಿ ಅಲಾಸ್ಕದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ ಎಂಟು ಎಂದರೆ ಅಲ್ಲಿ ಇನ್ನೂ ಸೋಮವಾರ ಸಂಜೆ ಆರೂವರೆ. "ಹಾಗಾದರೆ ಈಗ ನೋಡಿದರೆ ಅಲ್ಲಿ ಕತ್ತಲಿರುತ್ತದಾ?" ಎಂದು ಕೇಳಿ, ಮಗು ಊಹಿಸಲಿ. ಆಮೇಲೆ ಕ್ಯಾಮೆರಾ ತೆರೆಯಿರಿ. ಜುಲೈಯಲ್ಲಾದರೆ ಅಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುತ್ತದೆ. ಯಾಕೆ? ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಕಾಟ್ಮೈ 58ರ ಆಸುಪಾಸಿನಲ್ಲಿ. ಓರೆಯಾಗಿ ಸುತ್ತುವ ಭೂಮಿ ಆ ತಿಂಗಳುಗಳಲ್ಲಿ ಉತ್ತರವನ್ನು ಸೂರ್ಯನ ಕಡೆಗೆ ವಾಲಿಸಿಕೊಂಡಿರುತ್ತದೆ. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಕೂರದ ಈ ಪಾಠ, ಸಂಜೆಯ ಬಿಸಿಲಿನಲ್ಲಿ ಮೀಯುವ ಕರಡಿಯನ್ನು ನಮ್ಮ ಬೆಳಗಿನ ಕಾಫಿ ತಿಂಡಿಯ ಹೊತ್ತಿಗೆ ನೋಡಿದಾಗ ತಲೆಗೆ ಹತ್ತುತ್ತದೆ.

[ದೃಶ್ಯ: ಜಲಪಾತದ ಅಂಚಿನಲ್ಲಿ ನಿಂತ ಕರಡಿ, ಮೀನು ಚಿಮ್ಮುತ್ತದೆ, ತಪ್ಪಿಸಿಕೊಳ್ಳುತ್ತದೆ.]

ಈಗ ದೊಡ್ಡವರಿಗೆ ಒಂದು ಕಷ್ಟದ ಕೆಲಸ: ಮಾತಾಡದೆ ಕೂರುವುದು. ಇಪ್ಪತ್ತು ನಿಮಿಷ. ಲೈವ್ ಕ್ಯಾಮೆರಾದಲ್ಲಿ ಹಿನ್ನೆಲೆ ಸಂಗೀತವಿಲ್ಲ, ವಿವರಣೆಯ ಧ್ವನಿ ಇಲ್ಲ, ಒಮ್ಮೊಮ್ಮೆ ಏನೂ ನಡೆಯುವುದೂ ಇಲ್ಲ. ಆ ಖಾಲಿ ಹೊತ್ತೇ ಇದರ ಬೆಲೆ. ಮಗು ತಾನೇ ಗಮನಿಸಲು ಶುರುಮಾಡುತ್ತದೆ. ಒಂದು ಕರಡಿ ಮೇಲಂಚಿನಲ್ಲಿ ಕಲ್ಲಿನಂತೆ ನಿಂತು ಕಾಯುತ್ತದೆ. ಇನ್ನೊಂದು ಕೆಳಗಿನ ನೊರೆಯಲ್ಲಿ ಕೂತು ಕೈಯಾಡಿಸುತ್ತದೆ. ಮತ್ತೊಂದು ಮುಖ ಮುಳುಗಿಸಿ ಹುಡುಕುತ್ತದೆ. ಬೇರೆಯವರು ಹಿಡಿದದ್ದನ್ನು ಕಸಿಯುವವೂ ಇವೆ. ಒಳ್ಳೆಯ ಜಾಗ ಬಲಶಾಲಿಗಳದ್ದು. ಮರಿ ಕಟ್ಟಿಕೊಂಡ ತಾಯಿ ಅಂಥ ಗಂಡುಗಳಿಂದ ದೂರವೇ ಇರಲು ನೋಡುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಕಂಬಸಾಲು ಬರೆಯಿಸಿ: ಮೀನು ಹಾರಿದ್ದು ಎಷ್ಟು, ಕರಡಿಗೆ ಸಿಕ್ಕಿದ್ದು ಎಷ್ಟು. ಹತ್ತು ನಿಮಿಷದ ಲೆಕ್ಕದಲ್ಲೇ ಶೇಕಡಾವಾರು ಹುಟ್ಟಿಕೊಳ್ಳುತ್ತದೆ.

ಆ ಮೀನಿನ ಕತೆಯನ್ನೂ ಹೇಳಬೇಕು. ಸಾಕ್‌ಐ ಎಂಬ ಜಾತಿಯ ಈ ಸಾಲ್ಮನ್ ಹುಟ್ಟುವುದು ಸಿಹಿನೀರಿನಲ್ಲಿ. ಆಮೇಲೆ ಸಮುದ್ರ ಸೇರಿ ಕೆಲವು ವರ್ಷ ಅಲ್ಲೇ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಕೊನೆಯ ದಾರಿಯನ್ನು ಅದು ಹುಡುಕುವುದು ನೀರಿನ ವಾಸನೆಯಿಂದ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಕರಡಿ ತಿಂದು ದಡದಲ್ಲಿ ಬಿಟ್ಟ ಮೀನು ಕೊಳೆತು ಕಾಡಿನ ಮಣ್ಣಿಗೆ ಸೇರುತ್ತದೆ. ಸಮುದ್ರದ ಸತ್ವ ಹೀಗೆ ಮರದ ಬುಡಕ್ಕೆ ಬರುತ್ತದೆ. ಕರಡಿಯೂ ಸುಮ್ಮನೆ ಹೊಟ್ಟೆಬಾಕನಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಗುಹೆಯಲ್ಲಿ ಏನೂ ತಿನ್ನದೆ ಮಲಗುವಾಗ ಅದು ತನ್ನ ತೂಕದ ಮೂರನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳಬಹುದು. ಆ ತೂಕವನ್ನು ಈಗಲೇ ಗಳಿಸಿಕೊಳ್ಳಬೇಕು.

[ದೃಶ್ಯ: ದರೋಜಿಯ ಬಂಡೆಗಳು, ಕಪ್ಪು ಕರಡಿ, ಬೆನ್ನ ಮೇಲೆ ಮರಿ.]

ಇನ್ನು ಇದರ ಜೋಡಿ. ಹಂಪಿಗೆ ಹತ್ತಿರದಲ್ಲೇ ದರೋಜಿ ಕರಡಿಧಾಮವಿದೆ, 1994ರಿಂದ. ಅಲ್ಲಿನದು ನಮ್ಮ ಕಪ್ಪು ಕರಡಿ, ಜಾಂಬವಂತನ ಬಳಗದ್ದು. ಈಗ ಮಗುವನ್ನು ಕೇಳಿ: ನಮ್ಮ ಕರಡಿ ಯಾಕೆ ತಿಂಗಳುಗಟ್ಟಲೆ ಮಲಗುವುದಿಲ್ಲ? ಉತ್ತರ ಅದರ ಊಟದಲ್ಲಿದೆ. ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣು ಅಂತ ಇಲ್ಲಿ ವರ್ಷವಿಡೀ ಏನಾದರೊಂದು ಸಿಗುತ್ತಲೇ ಇರುತ್ತದೆ, ಹಿಮ ಬಿದ್ದು ಎಲ್ಲ ಮುಚ್ಚಿಹೋಗುವುದಿಲ್ಲ. ಈ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳೇ ಇಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮಣ್ಣು ಊದಿ, ಆ ಸಂದಿಯಿಂದ ಗೆದ್ದಲನ್ನು ಜೋರಾಗಿ ಹೀರುತ್ತದೆ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ; ಅಲಾಸ್ಕದಲ್ಲಿ ಮರಿಗಳು ನಡೆದೇ ಬರುವುದನ್ನು ಮಗು ಆಗಲೇ ನೋಡಿದೆ. ದರೋಜಿಗೆ ಹೋಗಲಾಗದಿದ್ದರೂ ಊರಾಚೆ ಒಂದು ಹುತ್ತ ಇದ್ದೇ ಇರುತ್ತದೆ. ಮುಟ್ಟದೆ, ದೂರದಿಂದ ಅದರ ಎತ್ತರ ಅಂದಾಜು ಮಾಡಲಿ, ಸುತ್ತ ಏನೇನು ಬೆಳೆದಿದೆ ನೋಡಲಿ. ಪ್ರವಾಸ ಪೂರ್ತಿಯಾಗುವುದು ಅಲ್ಲಿ.

[ದೃಶ್ಯ: ಹಂಪಿಯ 360 ಡಿಗ್ರಿ ನೋಟ, ಆನೆಲಾಯದ ಮುಂದೆ.]

ದರೋಜಿಯಿಂದ ಹಂಪಿ ಪಕ್ಕದಲ್ಲೇ, ಹಾಗಾಗಿ ಎರಡನೆಯ ನಿಲ್ದಾಣ ಅದೇ. ಗೂಗಲ್ ಮ್ಯಾಪ್ಸ್‌ನಲ್ಲಿ ಹಂಪಿಯ ಅನೇಕ ಕಡೆ ಸುತ್ತ ತಿರುಗಿಸಿ ನೋಡುವಂಥ ಚಿತ್ರಗಳಿವೆ. ಇಲ್ಲಿ ಲೈವ್ ಕ್ಯಾಮೆರಾದ ಕಾಯುವಿಕೆ ಇಲ್ಲ, ಹುಡುಕಾಟವೇ ಆಟ. ಆನೆಲಾಯದಲ್ಲಿ ಎಷ್ಟು ಕೋಣೆ? ಎಣಿಸಿದರೆ ಹನ್ನೊಂದು. ನಡುವಿನದನ್ನು ಬಿಟ್ಟರೆ ಎಡಕ್ಕೆ ಐದು, ಬಲಕ್ಕೆ ಐದು. ಎಡದ ಗುಮ್ಮಟಗಳಿಗೂ ಬಲದ ಗುಮ್ಮಟಗಳಿಗೂ ಹೊಂದಿಕೆ ಇದೆಯಾ? ಇದು ಗಣಿತದ ಸಮಮಿತಿ. ವಿಠ್ಠಲ ದೇವಾಲಯದ ಕಲ್ಲಿನ ರಥದ ಹತ್ತಿರ ನಿಂತಾಗ ಮನೆಯಲ್ಲಿರುವ ಐವತ್ತು ರೂಪಾಯಿಯ ಹೊಸ ನೋಟು ತೆಗೆದು ಹಿಡಿಯಿರಿ. ನೋಟಿನ ಚಿತ್ರ ಯಾವ ಕೋನದಿಂದ ತೆಗೆದದ್ದು ಎಂದು ಮಗು ಚಿತ್ರ ತಿರುಗಿಸುತ್ತಾ ಪತ್ತೆ ಹಚ್ಚಲಿ.

ಆದರೆ ಹಂಪಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಪರದೆಯಲ್ಲಿ ಸರಿಯಾಗಿ ನೋಡಲಾಗದ ಒಂದು ಜಾಗ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯಲ್ಲಿ, ಕಿರಿದಾದ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಪೂರ್ವದ ಮಹಾಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ನೇರಗೆರೆಯಲ್ಲೇ ಸಾಗುವುದರಿಂದ ಗೋಪುರದ ತುದಿಯಿಂದ ಹೊರಟದ್ದು ಕಿಂಡಿಯನ್ನು ಹಾದು ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ.

[ದೃಶ್ಯ: ರಟ್ಟಿನ ಪೆಟ್ಟಿಗೆ, ಸೂಜಿ, ಬೆಣ್ಣೆಕಾಗದ. ಮಗುವಿನ ಕೈಗಳು ಮಾತ್ರ.]

ಇದರ ಜೋಡಿ ಮನೆಯಲ್ಲೇ ಇದೆ. ಒಂದು ಶೂ ಪೆಟ್ಟಿಗೆಯ ಒಂದು ಬದಿಗೆ ಸೂಜಿಯಿಂದ ತೂತು, ಎದುರು ಬದಿಯನ್ನು ಕತ್ತರಿಸಿ ಅಲ್ಲಿಗೆ ಬೆಣ್ಣೆಕಾಗದ. ತಲೆಗೂ ಪೆಟ್ಟಿಗೆಗೂ ಸೇರಿ ಕಂಬಳಿ ಹೊದ್ದು, ಬಿಸಿಲಿನಲ್ಲಿ ನಿಂತ ತೆಂಗಿನ ಮರದ ಕಡೆಗೆ ತೂತನ್ನು ತಿರುಗಿಸಿದರೆ ಕಾಗದದ ಮೇಲೆ ಮರ ತಲೆಕೆಳಗಾಗಿ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಎದುರಿನ ಕಟ್ಟಡವನ್ನೇ ನೋಡಬಹುದು. ತೂತು ದೊಡ್ಡದು ಮಾಡಿದರೆ ಚಿತ್ರಕ್ಕೆ ಬೆಳಕು ಹೆಚ್ಚುತ್ತದೆ, ಆದರೆ ಅದರ ಅಂಚುಗಳು ಮಸುಕಾಗುತ್ತವೆ. ಯಾಕೆ ಎಂದು ಮಗು ತಾನೇ ಕೇಳಿದರೆ ಅಂದಿನ ಪಾಠ ಗೆದ್ದಂತೆ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಿ ನೋಡಬಾರದು, ಇದನ್ನು ಖಚಿತವಾಗಿ ಹೇಳಿಕೊಡಿ.

[ದೃಶ್ಯ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಳಾಂಗಣ.]

ಮೂರನೆಯದಕ್ಕೆ ಬಸ್ಸಿನಲ್ಲಿ ಯಾರೂ ಕರೆದೊಯ್ಯಲಾರರು. 2017ರಲ್ಲಿ ಫ್ರಾನ್ಸಿನ ಗಗನಯಾತ್ರಿ ಥಾಮಸ್ ಪೆಸ್ಕೆ ಬಾಹ್ಯಾಕಾಶ ನಿಲ್ದಾಣದ ಒಳಗೆಲ್ಲ ಚಿತ್ರ ತೆಗೆದರು, ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಅದರೊಳಗೆ ನಾವು ಓಡಾಡಬಹುದು. ಮಗುವಿಗೆ ಒಂದೇ ಕೆಲಸ ಕೊಡಿ: ನೆಲ ಯಾವುದು, ಛಾವಣಿ ಯಾವುದು ತೋರಿಸು. ನಾಲ್ಕೂ ಕಡೆ ಉಪಕರಣ, ನಾಲ್ಕೂ ಕಡೆ ವೈರು. ಮಲಗುವ ಚೀಲ ಗೋಡೆಗೇ ಕಟ್ಟಿದೆ. ಇಲ್ಲಿ ಕೆಳಗೆ ಎನ್ನುವುದೇ ಇಲ್ಲ. ಹಾಗೆಂದು ಅಷ್ಟು ಎತ್ತರದಲ್ಲಿ ಗುರುತ್ವ ಇಲ್ಲವೆಂದು ಹೇಳಿಕೊಡಬೇಡಿ, ಬಹಳ ಮಂದಿ ಹಾಗೇ ನಂಬಿದ್ದಾರೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ, ಅಲ್ಲಿ ಭೂಮಿಯ ಸೆಳೆತ ಹೆಚ್ಚುಕಡಿಮೆ ನಮ್ಮಷ್ಟೇ. ಅದು ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ ಸದಾ ಬೀಳುತ್ತಲೇ ಇರುತ್ತದೆ. ಒಳಗಿರುವವರೂ ಅದರ ಜೊತೆಗೇ ಬೀಳುತ್ತಿರುವುದರಿಂದ ತೇಲುತ್ತಾರೆ.

2025ರ ಜೂನ್ ಕೊನೆಯಲ್ಲಿ ಶುಭಾಂಶು ಶುಕ್ಲಾ ಇದೇ ನಿಲ್ದಾಣಕ್ಕೆ ಹೋದರು, ಅಲ್ಲಿ ಕಾಲಿಟ್ಟ ಮೊದಲ ಭಾರತೀಯ. ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ ಪ್ರಯೋಗದಲ್ಲಿ ಹೆಸರುಕಾಳು ಮತ್ತು ಮೆಂತ್ಯವನ್ನು ಬಾಹ್ಯಾಕಾಶದಲ್ಲಿ ಮೊಳಕೆ ಬರಿಸಿದರು. ನಮ್ಮ ಕೋಸಂಬರಿಯ ಕಾಳು! ಇದನ್ನು ಕೇಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಲು ಕಾರಣವಿಲ್ಲ.

[ದೃಶ್ಯ: ಗಾಜಿನ ಲೋಟ, ಒದ್ದೆ ಬಟ್ಟೆ, ಹೆಸರುಕಾಳು.]

ಮಗು ಹೆಸರುಕಾಳನ್ನು ರಾತ್ರಿ ನೆನೆಸಲಿ. ಮರುದಿನ ಗಾಜಿನ ಲೋಟದ ಒಳಮೈಗೆ ಒದ್ದೆ ಹತ್ತಿ ಬಟ್ಟೆ ಒತ್ತಿ, ಬಟ್ಟೆಗೂ ಗಾಜಿಗೂ ನಡುವೆ ಕಾಳು ಸಿಕ್ಕಿಸಲಿ, ಬೇರು ಹೊರಗಿನಿಂದ ಕಾಣುವಂತೆ. ಬೇರು ಕೆಳಗಿಳಿಯುತ್ತದೆ. ಒಂದಿಷ್ಟು ಉದ್ದ ಬಂದ ಮೇಲೆ ಲೋಟವನ್ನು ಬೋರಲು ಹಾಕಿ. ಬೇರು ಹೊರಳಿ ಮತ್ತೆ ಕೆಳಗಿನ ದಾರಿಯನ್ನೇ ಹಿಡಿಯುತ್ತದೆ. ಬೇರಿನ ತುದಿಯ ಕೋಶಗಳಲ್ಲಿ ಭಾರವಾದ ಪಿಷ್ಟದ ಕಣಗಳಿವೆ, ಅವು ತಳಕ್ಕೆ ಕೂರುವ ಕಡೆಯನ್ನೇ ಬೇರು ಕೆಳಗೆ ಎಂದು ತಿಳಿಯುತ್ತದೆ. ಕಣಗಳು ತಳಕ್ಕೆ ಕೂರದ ಜಾಗದಲ್ಲಿ ಬೇರು ಏನು ಮಾಡೀತು? ಮಗು ಬರೆಯಲಿ, ಚಿತ್ರ ಬಿಡಿಸಲಿ. ಉತ್ತರವನ್ನು ನೀವು ತಕ್ಷಣ ಹೇಳಬೇಕಿಲ್ಲ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಈ ಪ್ರವಾಸಕ್ಕೆ ಊರಿನ ಅಜ್ಜ ಅಜ್ಜಿಯನ್ನೇ ಮಾರ್ಗದರ್ಶಕರನ್ನಾಗಿ ಮಾಡಿ. ವಿಡಿಯೋ ಕಾಲ್‌ನಲ್ಲಿ ಪರದೆ ಹಂಚಿಕೊಂಡರೆ ಹಂಪಿಯನ್ನು ಕಣ್ಣಾರೆ ಕಂಡ ಅಜ್ಜಿ ದಾರಿ ಹೇಳುತ್ತಾರೆ, ಮೊಮ್ಮಗು ಮೌಸ್ ಹಿಡಿಯುತ್ತದೆ. ಡೇಟಾ ಕಡಿಮೆ ಇರುವವರು ಲೈವ್ ವಿಡಿಯೋದ ಗುಣಮಟ್ಟ ಇಳಿಸಿ ನೋಡಿ, ಕರಡಿ ಆಗಲೂ ಕಾಣುತ್ತದೆ. ಲೈವ್ ಜೊತೆ ಬರುವ ಚಾಟ್ ಮುಚ್ಚಿಬಿಡಿ, ಆಟೋಪ್ಲೇ ಕೂಡ. ಒಂದು ದಿನಕ್ಕೆ ಒಂದೇ ಜಾಗ.

[ದೃಶ್ಯ: ಮುಸ್ಸಂಜೆಯ ತಾರಸಿ.]

ಇನ್ನೊಂದು ಕೆಲಸ ಬಾಕಿ ಇದೆ. ನಾಸಾದ 'ಸ್ಪಾಟ್ ದ ಸ್ಟೇಷನ್' ಆ್ಯಪ್‌ನಲ್ಲಿ ನಿಮ್ಮ ಊರಿನ ಮೇಲೆ ನಿಲ್ದಾಣ ಹಾದುಹೋಗುವ ಹೊತ್ತು ಸಿಗುತ್ತದೆ. ಕಾಣುವುದು ಸಂಜೆ ಕತ್ತಲಾದ ಮೇಲೆ ಅಥವಾ ಬೆಳಗು ಹರಿಯುವ ಮುನ್ನ. ಆಗ ನಮಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಅದರ ಮೇಲೆ ಬಿಸಿಲಿರುತ್ತದೆ. ದೂರದರ್ಶಕ ಬೇಡ. ಮಿನುಗದೆ, ಸದ್ದಿಲ್ಲದೆ, ಒಂದೇ ಸಮನೆ ಸಾಗುವ ಬಿಳಿ ಚುಕ್ಕೆ ಅದು. ಕೆಲವೇ ನಿಮಿಷ ಕಾಣುತ್ತದೆ, ಆದ್ದರಿಂದ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ನೋಡಿಕೊಂಡು, ಹತ್ತು ನಿಮಿಷ ಮುಂಚೆಯೇ ಮಕ್ಕಳನ್ನು ತಾರಸಿಗೆ ಹತ್ತಿಸಿ.