ನೀರಿನ ಹತ್ತಿರ ಕೂತ್ಕೊಳ್ಳಿ

ಕೇಳುಗರಿಗೆ ನಮಸ್ಕಾರ. ಮಕ್ಕಳನ್ನು ಕರೆದುಕೊಂಡು ಆಫ್ರಿಕಾಕ್ಕೆ ಹೊರಟವರು ನನಗೆ ಫೋನ್ ಮಾಡುತ್ತಾರೆ. ಕಾಡುಪ್ರಾಣಿಗಳ ಡಾಕ್ಟರ್ ಅಲ್ವಾ, ಇವರಿಗೆ ಗೊತ್ತಿರುತ್ತೆ ಅಂತ. ಎಲ್ಲರದ್ದೂ ಒಂದೇ ಪ್ರಶ್ನೆ: "ಸಾರ್, ಬಿಗ್ ಫೈವ್ ಗ್ಯಾರಂಟಿ ಸಿಗುತ್ತಾ?"

ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಈ ಐದರ ಪಟ್ಟಿ ಮಾಡಿದವರು ಹಳೇ ಕಾಲದ ಬೇಟೆಗಾರರು. ನೀವು ಬೇಟೆಗೆ ಹೋಗ್ತಾ ಇಲ್ಲವಲ್ಲ! ಆ ಪಟ್ಟಿ ಮನೆಯಲ್ಲೇ ಬಿಟ್ಟು ಹೋಗಿ. ನಾನು ಹೇಳೋದು ಒಂದೇ ಮಾತು. ನೀರಿನ ಹತ್ತಿರ ಕಾರು ನಿಲ್ಲಿಸಿ, ಸುಮ್ನೆ ಕೂತ್ಕೊಳ್ಳಿ.

ನಮೀಬಿಯಾದ ಎಟೋಷಾ ಕಾಡನ್ನೇ ತೆಗೆದುಕೊಳ್ಳೋಣ. 1907ರಲ್ಲಿ, ಅಲ್ಲಿ ಜರ್ಮನ್ನರ ಆಳ್ವಿಕೆ ಇದ್ದಾಗ, ಅದನ್ನು ಕಾಯ್ದಿಟ್ಟ ಕಾಡು ಅಂತ ಘೋಷಿಸಿದರು. ಒಳಗೆ ಒಂದು ದೊಡ್ಡ ಬಿಳಿ ಉಪ್ಪಿನ ಬಯಲು ಇದೆ. ಸುಮಾರು 4,800 ಚದರ ಕಿಲೋಮೀಟರ್. ಅಲ್ಲಿನ ಆನೆಗಳು ಮೈಮೇಲೆ ಆ ಬಿಳಿ ಧೂಳು ಎರಚಿಕೊಂಡು ಸುಣ್ಣ ಬಳಿದುಕೊಂಡಂತೆ ಕಾಣುತ್ತವೆ. ಅಂದ ಹಾಗೆ ಎಟೋಷಾದಲ್ಲಿ ಕಾಡೆಮ್ಮೆ ಇಲ್ಲವೇ ಇಲ್ಲ. ಬಿಗ್ ಫೈವ್ ಅಲ್ಲಿಗೇ ಮುಗಿಯಿತು.

ಜೂನ್‌ನಿಂದ ಅಕ್ಟೋಬರ್ ತನಕ ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಾಡೆಲ್ಲ ಒಣಗಿ ಹೋಗಿರುತ್ತದೆ. ಊಟೆಗಳಲ್ಲಿ, ಬೋರ್‌ವೆಲ್‌ನಿಂದ ತುಂಬಿಸುವ ಹೊಂಡಗಳಲ್ಲಿ ಮಾತ್ರ ನೀರು. ಪ್ರಾಣಿಗಳು ಅಲ್ಲಿಗೆ ಬರಲೇಬೇಕು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಬಂದು ಸೇರುವುದಿಲ್ವಾ, ಇದೂ ಹಾಗೇ. ಆದರೆ ಕಬಿನಿಯಲ್ಲಿ ಜೀಪು ಸಫಾರಿಯವರದ್ದು, ಟೈಮೂ ಅವರದ್ದು. ಎಟೋಷಾದಲ್ಲಿ ನಿಮ್ಮ ಕಾರು ನೀವೇ ಓಡಿಸಬಹುದು. ಸೂರ್ಯ ಹುಟ್ಟಿದಾಗ ಗೇಟು ತೆಗೆಯುತ್ತಾರೆ, ಮುಳುಗುವಾಗ ಹಾಕುತ್ತಾರೆ. ಅಷ್ಟು ಹೊತ್ತೂ ನಿಮ್ಮದೇ. ಅದನ್ನು ಸಿಂಹದ ಹಿಂದೆ ಓಡಾಡಿ ಯಾಕೆ ಕಳೆಯುತ್ತೀರಿ?

ಒಂದು ಪ್ರಸಂಗ ಹೇಳ್ತೀನಿ. ಸಾಲ್ವಡೋರಾ ಅಂತ ಒಂದು ಊಟೆ ಇದೆ, ಉಪ್ಪಿನ ಬಯಲಿನ ಅಂಚಿನಲ್ಲೇ. ನಾವು ಮನೆಮಂದಿ ಅಲ್ಲಿ ಕಾರು ನಿಲ್ಲಿಸಿ ಕೂತಿದ್ದೆವು. ಹೆಂಡತಿ ಚಕ್ಕುಲಿ ಡಬ್ಬಿ ತೆಗೆದಿದ್ದಳು. ಮಗ ಮೊಬೈಲಿನಲ್ಲಿದ್ದ. ಎದುರಿಗೆ ಜೀಬ್ರಾಗಳು ಬಂದು ಸಾಲಾಗಿ ನಿಂತವು. ಎರಡು ಹೆಜ್ಜೆ ಮುಂದೆ ಬರೋದು, ಮತ್ತೆ ಹಿಂದೆ ಹೋಗೋದು. ಸ್ಪ್ರಿಂಗ್‌ಬಾಕ್ ಅನ್ನುವ ಜಿಂಕೆಯಂಥ ಪ್ರಾಣಿಗಳು ಬಂದವು, ಅವೂ ನಿಂತವು. ನೇರ ಉದ್ದ ಕೊಂಬಿನ ಓರಿಕ್ಸ್ ಬಂದಿತು, ಅದೂ ನಿಂತಿತು.

ಅಷ್ಟರಲ್ಲಿ ಒಂದು ಕಾರು ಬಂತು. ಗಾಜು ಇಳಿಸಿ "ಸಿಂಹ ಇದೆಯಾ?" ಅಂದರು. ಕಂಡಿಲ್ಲ ಅಂದೆ. ಧೂಳೆಬ್ಬಿಸಿಕೊಂಡು ಹೊರಟೇ ಹೋದರು. ಇನ್ನೊಂದು ಕಾರು ಬಂತು, ಅದೇ ಪ್ರಶ್ನೆ, ಅದೇ ಧೂಳು.

ಆಗ ಮಗಳು ಕೇಳಿದಳು. "ಅಪ್ಪಾ, ಬಾಯಾರಿಕೆ ಅಂತ ತಾನೇ ಇವು ಬಂದಿದ್ದು? ಮತ್ತೆ ಯಾಕೆ ಕುಡೀತಾ ಇಲ್ಲ? ಎಲ್ಲಾ ಆ ಹುಲ್ಲಿನ ಕಡೆನೇ ನೋಡ್ತಾ ಇವೆ."

ನೋಡಿ, ಮುಖ್ಯವಾದದ್ದು ಇದೇ. ಪ್ರಾಣಿಯನ್ನು ಹುಡುಕಬೇಡಿ. ಎದುರಿಗಿರುವ ಪ್ರಾಣಿ ಎಲ್ಲಿ ನೋಡುತ್ತಿದೆಯೋ ಅಲ್ಲಿ ನೋಡಿ. ದುರ್ಬೀನು ಆ ಕಡೆ ತಿರುಗಿಸಿದರೆ ಒಣಹುಲ್ಲಿನ ನಡುವೆ ಒಂದು ಕಿವಿಯ ತುದಿ. ಸಿಂಹಿಣಿ! ನಾವು ಬರುವ ಮೊದಲಿಂದಲೂ ಅಲ್ಲೇ ಮಲಗಿತ್ತು. ಬಿಸಿಲು ಇಳಿದ ಮೇಲೆ ಎದ್ದು ಮೈ ಮುರಿಯಿತು. ನಿಧಾನಕ್ಕೆ ಬಂದು ನೀರು ಕುಡಿಯಿತು. ಆಚೆ ಹೋಗಿ ಬಯಲಲ್ಲೇ ಮಲಗಿತು. ಆಮೇಲೆ ಏನಾಯಿತು ಗೊತ್ತಾ? ಜೀಬ್ರಾಗಳು ಒಂದೊಂದಾಗಿ ಇಳಿದು ಬಂದು ಕುಡಿಯತೊಡಗಿದವು. ಸಿಂಹಿಣಿ ಕಣ್ಣೆದುರೇ ಇದೆ! ಕಾಣುವ ಸಿಂಹಕ್ಕೆ ಅವು ಅಷ್ಟು ಹೆದರಲ್ಲ, ಅದು ಎಲ್ಲಿದೆ ಅಂತ ಗೊತ್ತಿರುತ್ತಲ್ಲ. ಕಾಣದೆ ಅಡಗಿದ್ದಕ್ಕೆ ಹೆದರಿಕೆ. ನನ್ನ ಮಗ ದುರ್ಬೀನು ಕಿತ್ತುಕೊಂಡವನು ಅಲ್ಲಿಂದ ಹೊರಡುವ ತನಕ ವಾಪಸ್ ಕೊಡಲಿಲ್ಲ. ಆ ಎರಡು ಕಾರಿನವರಿಗೆ ಇದರಲ್ಲಿ ಏನೂ ಸಿಗಲಿಲ್ಲ. ಪಾಪ ಅನ್ನಬೇಕು, ಆದರೆ ನನಗೆ ಅನ್ನಿಸಲಿಲ್ಲ.

ರಾತ್ರಿಯೂ ಇದೇ ಕೆಲಸ. ಒಕಾಕುಯೋ ಅನ್ನುವ ತಂಗುದಾಣದಲ್ಲಿ ಹೊಂಡಕ್ಕೆ ದೀಪ ಹಾಕಿರುತ್ತಾರೆ. ಬೇಲಿಯ ಈಚೆ ಬೆಂಚಿನ ಮೇಲೆ ಕೂತರೆ ಕಪ್ಪು ಘೇಂಡಾಮೃಗ ಬರುತ್ತದೆ. ಮಾತಾಡಬೇಡಿ, ಅಷ್ಟೇ.

ಇನ್ನು ಅಲ್ಲಿಯ ಜನ. ಈ ನೀರಿನ ಸುತ್ತ ಬಹಳ ಹಿಂದಿನಿಂದ ಹಾಯ್‌ಓಮ್ ಜನ ಬದುಕಿದ್ದರು. 1954ರಲ್ಲಿ ಅವರನ್ನು ಹೊರಗೆ ಕಳಿಸಿದರು. ನಾಗರಹೊಳೆಯ ಜೇನುಕುರುಬರ ವಿಷಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಮಾತ್ರ ಖಂಡಿತ ಹೇಳಿ.

ಕಾಡು ದಾಟಿ ಉತ್ತರಕ್ಕೆ ಹೋದರೆ ಓವಾಂಬೊ ಜನರ ಸೀಮೆ. ಅಲ್ಲಿ ಹೊಲದಲ್ಲಿ ಬೆಳೆಯೋದು ಸಜ್ಜೆ! ಸಜ್ಜೆ ಹಿಟ್ಟು ತೊಳಸಿ ಗಟ್ಟಿಯಾಗಿ ಮಾಡುತ್ತಾರೆ, ಹೆಸರು ಓಶಿಫಿಮಾ. ಕೈಯಲ್ಲೇ ಮುರಿದು, ಸೊಪ್ಪಿನಲ್ಲೋ ಸಾರಲ್ಲೋ ಅದ್ದಿ ತಿನ್ನುವುದು. ಮುದ್ದೆ ತಿಂದವರಿಗೆ ಯಾರೂ ಕಲಿಸಬೇಕಾಗಿಲ್ಲ. ಔಟಾಪಿ ಊರಲ್ಲಿ ಒಂದು ಭಾರಿ ಬಾವೊಬಾಬ್ ಮರವಿದೆ. ಅದರ ಪೊಟರೆಯೊಳಗೆ ಒಂದು ಕಾಲಕ್ಕೆ ಪೋಸ್ಟ್ ಆಫೀಸು ಇತ್ತು. ಸವಣೂರಿನ ದೊಡ್ಡಹುಣಸೆ ಮರಗಳೂ ಇದೇ ಜಾತಿ. ಇದರ ಬಗ್ಗೆ ಇನ್ನೂ ಹೇಳೋದಿತ್ತು, ಆದರೆ ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸ್ತಾ ಇದ್ದಾರೆ.

ಬೇಗ ಹೇಳ್ತೀನಿ. ಮಲೇರಿಯಾ ಮಾತ್ರೆ ಬಗ್ಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಜುಲೈನಲ್ಲಿ ರಾತ್ರಿ ಚಳಿ ಜೋರು, ಸ್ವೆಟರ್ ಇರಲಿ. ಗಾಡಿ ನಮ್ಮ ಹಾಗೆ ಎಡಗಡೆಯೇ, ಪಾರ್ಕಿನೊಳಗೆ 60 ದಾಟಬಾರದು. ಜಲ್ಲಿ ರಸ್ತೆಯಲ್ಲಿ ಅದಕ್ಕಿಂತಲೂ ನಿಧಾನ. ಗೇಟು ಹಾಕುವ ಮೊದಲು ತಂಗುದಾಣ ಸೇರಿಕೊಳ್ಳಿ. ಉಳಿದ ಹೊತ್ತೆಲ್ಲ ನೀರಿನ ಹತ್ತಿರ. ಹೊಂಡದ ಬಳಿ ಎಷ್ಟೇ ಖಾಲಿ ಕಂಡರೂ ಕಾರಿಂದ ಮಾತ್ರ ಇಳಿಯಬೇಡಿ. ನಮಸ್ಕಾರ.